ಲೇಸಾನ್ ದ್ವೀಪದ ಕೆಂಪು ಹಕ್ಕಿ

ಹವಾಯಿಯ ರಾಜಧಾನಿ ಹೊನಲುಲುವಿನಿಂದ ವಾಯವ್ಯಕ್ಕೆ ಸುಮಾರು 1,500 ಕಿಲೋಮೀಟರು ದೂರದಲ್ಲಿ, ಪೆಸಿಫಿಕ್ ಮಹಾಸಾಗರದ ನಡುವೆ, ಲೇಸಾನ್ ಎಂಬ ಸಣ್ಣ ದ್ವೀಪವೊಂದುಂಟು. ಅದರ ವಿಸ್ತೀರ್ಣ ನಾಲ್ಕು ಚದರ ಕಿಲೋಮೀಟರಿಗಿಂತ ತುಸುವೇ ಹೆಚ್ಚು; ಮಧ್ಯದಲ್ಲಿ ಸಮುದ್ರಕ್ಕಿಂತಲೂ ಉಪ್ಪಾದ ಒಂದು ಸರೋವರ, ಸುತ್ತಲೂ ಹವಳದ ಮರಳಿನ ದಿಬ್ಬಗಳು, ಆ ದಿಬ್ಬಗಳನ್ನು ಹೊದೆದ ಹುಲ್ಲು, ಪೊದೆ, ಬಳ್ಳಿಗಳು. ಲಕ್ಷಾಂತರ ಕಡಲಹಕ್ಕಿಗಳು ಪ್ರತಿವರ್ಷ ಮರಿ ಮಾಡಲೆಂದು ಬಂದು ಹಿಂದಿರುಗುತ್ತಿದ್ದ ಈ ನೆಲದಲ್ಲಿ, ಎಲ್ಲಿಗೂ ಹೋಗದೆ ಇಲ್ಲಿಯೇ ಹುಟ್ಟಿ ಇಲ್ಲಿಯೇ ಕಣ್ಮುಚ್ಚುವ ಐದು ಬಗೆಯ ಹಕ್ಕಿಗಳೂ ಇದ್ದುವು. ಅವುಗಳಲ್ಲೊಂದು ಲೇಸಾನ್ ಹನಿಕ್ರೀಪರ್ ಎಂಬ ಪುಟ್ಟ ಗಾಯಕಪಕ್ಷಿ. 1923ರ ವಸಂತದ ತರುವಾಯ ಅದು ಭೂಮಿಯ ಮೇಲಿಲ್ಲ.

ಕೊಕ್ಕಿನ ತುದಿಯಿಂದ ಬಾಲದ ಕೊನೆಯವರೆಗೆ ಸುಮಾರು 13 ಸೆಂಟಿಮೀಟರು ಉದ್ದ. ತಲೆ ಎದೆಗಳು ಕಡುಕೆಂಪು, ರೆಕ್ಕೆ ಬಾಲಗಳು ಕಂದು. ಕೊಕ್ಕು ತೆಳ್ಳಗಾಗಿ ಕೆಳಕ್ಕೆ ಬಾಗಿದುದು. ನಾಲಗೆಯ ತುದಿ ಕುಂಚದಂತೆ ಸೀಳಿ, ಹೂವಿನೊಳಗಿನ ಮಕರಂದವನ್ನು ಒರಸಿ ತೆಗೆಯಲು ಅನುಕೂಲವಾದುದು. ಏಷ್ಯದ ಕಡೆಯಿಂದ ಎಷ್ಟೋ ಲಕ್ಷ ವರ್ಷಗಳ ಹಿಂದೆ ಹವಾಯಿಯ ದ್ವೀಪಗಳನ್ನು ಸೇರಿದ ರೋಸ್‌ಫಿಂಚ್ ಹಕ್ಕಿಗಳ ಬಂಧುಗಳೇ ಈ ವಂಶದ ಮೂಲಪುರುಷರೆಂದು ವಿಜ್ಞಾನಿಗಳು ತಳಿಪರೀಕ್ಷೆಗಳಿಂದ ನಿರ್ಧರಿಸಿದ್ದಾರೆ. ಅದೇ ಬಳಗದ ಒಂದು ಹಕ್ಕಿ ಚಳಿಗಾಲದಲ್ಲಿ ಇಂದಿಗೂ ಕರ್ನಾಟಕಕ್ಕೆ ವಲಸೆ ಬರುವುದುಂಟು. ಇಲ್ಲಿ ಕಾಳು ಒಡೆದು ತಿನ್ನುವ ದಪ್ಪ ಕೊಕ್ಕು, ಅಲ್ಲಿ ಮಕರಂದ ಹೀರುವ ಬಾಗಿದ ಕೊಕ್ಕು; ಒಂದೇ ಕುಲದ ಕವಲುಗಳು ಆಹಾರಕ್ಕೆ ತಕ್ಕಂತೆ ಇಷ್ಟು ಬೇರೆಯಾಗಬಲ್ಲವು.

ಹವಾಯಿಯ ದೊಡ್ಡ ದ್ವೀಪಗಳಲ್ಲಿರುವ ಇದರ ಬಂಧುಗಳು ಎತ್ತರದ ಮರಗಳ ಹೂಗೊಂಚಲುಗಳಲ್ಲಿ ಮೇಯುತ್ತವೆ. ಲೇಸಾನಿನಲ್ಲಾದರೋ ಕಾಡೆಂಬುದೇ ಇಲ್ಲ. ಆದಕಾರಣ ಈ ಹಕ್ಕಿ ನೆಲಕ್ಕಿಳಿದು ಬಾಳುವುದನ್ನು ಕಲಿತಿದ್ದಿತು. ನಮ್ಮ ಗೋಣಿಸೊಪ್ಪಿನ ಕುಲದ ಗಿಡ, ನೆಗ್ಗಿಲಿನ ಕುಲದ ಮುಳ್ಳುಬಳ್ಳಿ, ನಮ್ಮ ಕರಾವಳಿಯ ಮರಳಿನಲ್ಲಿಯೂ ಹಬ್ಬುವ ಅಡುಂಬು ಬಳ್ಳಿ, ಇವುಗಳ ಹೂಗಳ ನಡುವೆ ಅದು ನಡೆದಾಡಿ ಮಕರಂದವನ್ನು ಹೀರುತ್ತಿದ್ದಿತು. ಜೊತೆಗೆ ಪತಂಗಗಳನ್ನೂ ಹುಳುಗಳನ್ನೂ ಹಿಡಿಯುತ್ತಿದ್ದಿತು. ಹುಲ್ಲಿನ ದಟ್ಟ ಬುಡಗಳಲ್ಲಿ ಗೂಡು ಕಟ್ಟುತ್ತಿದ್ದಿತು. ಅದರ ಆಹಾರ, ಆಶ್ರಯ, ಸಂತಾನ ಎಲ್ಲವೂ ಮೊಣಕಾಲೆತ್ತರದ ಆ ಹಸುರಿಗೇ ಅಂಟಿಕೊಂಡಿದ್ದುವು.

ಆ ಹಸುರಿಗೆ ಕುತ್ತು ಬಂದುದು 1903ರಲ್ಲಿ. ಗೊಬ್ಬರಕ್ಕಾಗಿ ಹಕ್ಕಿಗಳ ಹಿಕ್ಕೆಯನ್ನು ಅಗೆದು ಸಾಗಿಸುವ ಉದ್ಯಮ ಆ ಕಾಲಕ್ಕೆ ದ್ವೀಪದಲ್ಲಿ ಕೊನೆಯ ಹಂತಕ್ಕೆ ಬಂದಿದ್ದಿತು. ಅಲ್ಲಿನ ಮೇಲ್ವಿಚಾರಕನಾಗಿದ್ದ ಮ್ಯಾಕ್ಸ್ ಶ್ಲೆಮರ್ ಎಂಬಾತನು ಮಾಂಸದ ವ್ಯಾಪಾರವನ್ನು ನೆನೆದು ಮೊಲಗಳನ್ನು ತಂದು ಬಿಟ್ಟನು. ಹಿಡಿದು ತಿನ್ನುವ ಪ್ರಾಣಿ ಒಂದೂ ಇಲ್ಲದ ನೆಲದಲ್ಲಿ ಮೊಲಗಳು ಮಿತಿಯಿಲ್ಲದೆ ಹೆಚ್ಚಿದುವು. 1909ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಲೇಸಾನನ್ನೂ ಅದರ ಆಚೀಚಿನ ದ್ವೀಪಗಳನ್ನೂ ಪಕ್ಷಿಧಾಮವೆಂದು ಘೋಷಿಸಿದರು. ಗರಿಗಾಗಿ ಹಕ್ಕಿಗಳನ್ನು ಕೊಲ್ಲುವವರ ವಿರುದ್ಧ ಆ ಶಾಸನಕ್ಕೆ ಬಲವಿದ್ದಿತು, ಹುಲ್ಲು ತಿನ್ನುವ ಮೊಲಗಳ ವಿರುದ್ಧ ಇರಲಿಲ್ಲ. 1912–13ರಲ್ಲಿ ಅವುಗಳನ್ನು ನಿರ್ಮೂಲ ಮಾಡಲು ಹೋದ ತಂಡವೊಂದು ಸುಮಾರು 5,000 ಮೊಲಗಳನ್ನು ಕೊಂದು, ಮದ್ದುಗುಂಡು ತೀರಿದುದರಿಂದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮರಳಿತು. ಉಳಿದ ಮೊಲಗಳಿಗೆ ಅಷ್ಟೇ ಸಾಕಾಯಿತು.

1923ರ ಹೊತ್ತಿಗೆ ದ್ವೀಪದ 26 ಸಸ್ಯಜಾತಿಗಳಲ್ಲಿ 22 ಅಳಿದಿದ್ದುವು. ಹೂವಿಲ್ಲದೆ ಮಕರಂದವಿಲ್ಲ, ಎಲೆಯಿಲ್ಲದೆ ಪತಂಗದ ಹುಳುವಿಲ್ಲ, ಹುಲ್ಲಿಲ್ಲದೆ ಗೂಡಿಗೆ ನೆಲೆಯಿಲ್ಲ. ಇವಲ್ಲದೆ ಇನ್ನೊಂದು ಅನಾಹುತವೂ ಒದಗಿತು: ಮರಳನ್ನು ಹಿಡಿದಿಟ್ಟಿದ್ದುದು ಬೇರುಗಳು, ಬೇರು ಸತ್ತ ಮೇಲೆ ಬೀಸಿದ ಗಾಳಿಯೆಲ್ಲ ಮರಳುಗಾಳಿಯಾಯಿತು.

1923ರ ಏಪ್ರಿಲ್ ತಿಂಗಳಿನಲ್ಲಿ, ಅಲೆಕ್ಸಾಂಡರ್ ವೆಟ್‌ಮೋರರ ನೇತೃತ್ವದಲ್ಲಿ, ಟ್ಯಾನೇಜರ್ ಎಂಬ ಹಡಗಿನಲ್ಲಿ ಬಂದ ವಿಜ್ಞಾನಿಗಳು ಕಂಡುದು ಒಂದು ಮರುಭೂಮಿಯನ್ನು. ಆ ಬರಡಿನಲ್ಲಿ ಮೂರೇ ಮೂರು ಹನಿಕ್ರೀಪರುಗಳು ಬದುಕಿದ್ದುವು. ತಂಡದಲ್ಲಿದ್ದ ಡೊನಾಲ್ಡ್ ಡಿಕಿಯವರು ಅವುಗಳಲ್ಲೊಂದು ಕಲ್ಲಿನ ಮೇಲೆ ಕುಳಿತು, ಕೊಕ್ಕು ತೆರೆದು, ಕತ್ತನ್ನು ಉಬ್ಬಿಸಿ ಹಾಡುತ್ತಿರುವುದನ್ನು ಚಲನಚಿತ್ರದಲ್ಲಿ ಸೆರೆಹಿಡಿದರು. ಅದು ಮೂಕಿಚಿತ್ರದ ಕಾಲವಾದುದರಿಂದ ಹಾಡುವ ಭಂಗಿ ನಮಗೆ ಉಳಿಯಿತು, ಹಾಡು ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಎದ್ದ ಮರಳಿನ ಬಿರುಗಾಳಿಯ ಅನಂತರ ಆ ಮೂರೂ ಮತ್ತೆ ಕಾಣಿಸಲಿಲ್ಲ. ಉಳಿದಿದ್ದ ಮೊಲಗಳನ್ನು ಅದೇ ತಂಡ ಆ ವರ್ಷವೇ ಸಂಪೂರ್ಣವಾಗಿ ನಿರ್ಮೂಲ ಮಾಡಿತು.

ಹಾಗಾದರೆ ಈ ಜಾತಿಯನ್ನು ಕೊಂದುದು ಬಿರುಗಾಳಿಯೇ? ಬಿರುಗಾಳಿಗಳು ಆ ದ್ವೀಪಕ್ಕೆ ಹೊಸತಲ್ಲ. ಸಾವಿರಾರು ವರ್ಷ ಅವುಗಳನ್ನು ಸಹಿಸಿಕೊಂಡೇ ಈ ಹಕ್ಕಿ ಬಾಳಿದ್ದಿತು. ಹಕ್ಕಿಗಳು ನೂರಾರಿದ್ದಾಗ ಗಾಳಿಗೆ ಕೆಲವು ಸತ್ತರೂ ಉಳಿದವು ಮರಿ ಮಾಡಿ ಆ ನಷ್ಟವನ್ನು ತುಂಬುತ್ತವೆ. ಮೂರೇ ಇದ್ದಾಗ ಒಂದು ಕೆಟ್ಟ ದಿನವೇ ವಂಶದ ಕೊನೆಯಾಗುತ್ತದೆ. ಮರೆಯಾಗಲು ಪೊದೆಯೊಂದೂ ಇಲ್ಲದಂತೆ ಮಾಡಿದುದೂ, ಗಾಳಿಯ ಕೈಗೆ ಮರಳನ್ನು ಕೊಟ್ಟುದೂ ಅವೇ ಮೊಲಗಳು. ಅದೇ ನೆಲದ ಲೇಸಾನ್ ಫಿಂಚ್ ಬೀಜ, ಹುಳು, ಕಡಲಹಕ್ಕಿಯ ಮೊಟ್ಟೆ ಎಲ್ಲವನ್ನೂ ತಿನ್ನಬಲ್ಲುದಾದುದರಿಂದ ಉಳಿಯಿತು. ಸರೋವರದ ನೊಣಗಳನ್ನು ನಂಬಿದ್ದ ಲೇಸಾನ್ ಬಾತು ಕಷ್ಟದಿಂದ ಉಳಿಯಿತು. ಕೀಟಗಳನ್ನೇ ನಂಬಿದ್ದ ಮಿಲ್ಲರ್‌ಬರ್ಡ್ ಹನಿಕ್ರೀಪರಿಗಿಂತ ಮೊದಲೇ ಅಳಿಯಿತು. ಯಾವ ಹಕ್ಕಿಯ ಬಾಳು ಗಿಡಗಳಿಗೆ ಎಷ್ಟು ಬಿಗಿಯಾಗಿ ಹೆಣೆದಿದ್ದಿತೋ, ಅದರ ನಾಶ ಅಷ್ಟು ನಿಶ್ಚಿತವಾಗಿದ್ದಿತು.

ಮೊಲಗಳು ಹೋದ ಮೇಲೆ ಲೇಸಾನ್ ಕ್ರಮೇಣ ಚಿಗುರಿತು. ಬಹುಕಾಲದ ತರುವಾಯ ಮನುಷ್ಯರೇ ಕಳೆ ಕಿತ್ತು ಸ್ಥಳೀಯ ಸಸ್ಯಗಳನ್ನು ನೆಟ್ಟರು. 2011ರಲ್ಲಿ ಮತ್ತು 2012ರಲ್ಲಿ ನಿಹೋವ ದ್ವೀಪದಿಂದ, ಅಳಿದ ಮಿಲ್ಲರ್‌ಬರ್ಡಿನ ಸೋದರಬಳಗಕ್ಕೆ ಸೇರಿದ 50 ಹಕ್ಕಿಗಳನ್ನು ಹಡಗಿನಲ್ಲಿ ತಂದು ಅಲ್ಲಿ ಬಿಟ್ಟರು. ಅವು ಗೂಡು ಕಟ್ಟಿ ಮರಿ ಮಾಡಿದುವು. ಹನಿಕ್ರೀಪರು ಮಾತ್ರ ಮರಳಿ ಬರಲಿಲ್ಲ. 1923ರಲ್ಲಿ ಪೂರೈಸಿದ ಕೆಲಸವನ್ನು 1913ರಲ್ಲಿಯೇ ಪೂರೈಸಬಹುದಾಗಿದ್ದಿತು. ಜೀವಜಾತಿಗಳ ರಕ್ಷಣೆಯಲ್ಲಿ ಅರ್ಧ ಮಾಡಿ ನಿಲ್ಲಿಸಿದ ಕೆಲಸವು ಮಾಡದ ಕೆಲಸಕ್ಕೆ ಸಮಾನವೆಂಬುದನ್ನು ನಾವು ಈ ಹತ್ತು ವರ್ಷಗಳಿಂದ ಕಲಿಯಬೇಕಾಗಿದೆ.