ಒಲೆಯ ಹೊಗೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಮೆ ಬೀಳುವ ಬಯಲುಸೀಮೆಗೆ ಸೇರಿದವು. ಬದುವಿನ ಹೊಂಗೆ, ಕೆರೆಯಂಗಳದ ಜಾಲಿ, ತೋಟದ ತೆಂಗಿನ ಸೋಗೆ ಇವೇ ಇಲ್ಲಿನ ಹಳ್ಳಿಗಳ ಉರುವಲು. ಅನಿಲದ ಒಲೆಯುಳ್ಳ ಮನೆಗಳಲ್ಲಿಯೂ ಸ್ನಾನದ ನೀರು ಕಾಯಿಸಲು ಸೌದೆ ಉರಿಸುವುದುಂಟು.

ಹೊಗೆ ಎಂದರೇನು? ಒಣಗಿದ ಸೌದೆಗೆ ಸಾಕಷ್ಟು ಗಾಳಿ ದೊರೆತು ಅದು ಪೂರ್ಣವಾಗಿ ಉರಿದರೆ ಮುಖ್ಯವಾಗಿ ಇಂಗಾಲಾಮ್ಲ ವಾಯು ಮತ್ತು ನೀರಾವಿ ಉಂಟಾಗುತ್ತವೆ. ಸೌದೆ ಹಸಿಯಾಗಿದ್ದರೆ ಶಾಖದ ಒಂದು ಭಾಗವು ಅದರಲ್ಲಿನ ನೀರನ್ನು ಆವಿ ಮಾಡುವುದಕ್ಕೇ ವ್ಯಯವಾಗುತ್ತದೆ, ಉರಿ ತಗ್ಗುತ್ತದೆ. ಆಗ ಮಸಿಯ ಕಣಗಳೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹೊರಬೀಳುತ್ತವೆ. ಆದುದರಿಂದ ಹೊಗೆಯ ಬಹುಭಾಗವು ಪೂರ್ಣವಾಗಿ ಉರಿಯದೆ ಹೋದ ಸೌದೆಯೇ ಆಗಿದೆ. ಅದು ನಷ್ಟವೂ ಹೌದು, ಕೇಡೂ ಹೌದು.

ಈ ಕಣಗಳಲ್ಲಿ ಹೆಚ್ಚಿನವು 2.5 ಮೈಕ್ರಾನಿಗಿಂತ ಸಣ್ಣವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮೂಗಿನ ಕೂದಲು ತಡೆಯಲಾರದ ಇವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿನೊಡನೆ ಸೇರಿ ಆಮ್ಲಜನಕಕ್ಕೆ ಎಡೆಯಿಲ್ಲದಂತೆ ಮಾಡುತ್ತದೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಕುಳಿತ ತಾಯಂದಿರಿಗೂ ಅವರ ಮಡಿಲಿನ ಕೂಸುಗಳಿಗೂ ಅಪಾಯ ಹೆಚ್ಚು. ಮಾಡಿನಿಂದ ಹೊರಬಿದ್ದ ಹೊಗೆ ಮಾಯವಾಗುವುದಿಲ್ಲ. ಅದು ಬೀದಿಯ ಗಾಳಿಯನ್ನು ಸೇರುತ್ತದೆ.

ಇದಕ್ಕೆ ಪರಿಹಾರ ಹುಡುಕುವ ಯತ್ನವೊಂದು ಇದೇ ಜಿಲ್ಲೆಯಲ್ಲಿ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ಈ ವಿಭಾಗದ ವಿಜ್ಞಾನಿಗಳು ರೂಪಿಸಿದ ‘ಅಸ್ತ್ರ ಒಲೆ’ಯಲ್ಲಿ ಮೂರು ಪಾತ್ರೆಗಳನ್ನು ಸಾಲಾಗಿ ಇಡಬಹುದು. ಸೌದೆಯ ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ. ಹೊಗೆ ಕೊಳವೆಯ ಮೂಲಕ ಹೊರಹೋಗುತ್ತದೆ. ಸೌದೆಯ ಖರ್ಚು ತಗ್ಗುತ್ತದೆ. ಆದರೆ ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮನೆಯೊಳಕ್ಕೇ ಮರಳುತ್ತದೆ.

2016ರಲ್ಲಿ ಕೇಂದ್ರ ಸರ್ಕಾರವು ಉಜ್ವಲಾ ಯೋಜನೆಯ ಮೂಲಕ ಬಡ ಕುಟುಂಬಗಳಿಗೆ ಅನಿಲ ಸಂಪರ್ಕ ಒದಗಿಸತೊಡಗಿತು. ಸಿಲಿಂಡರಿಗೆ ಹಣ ತೆರಬೇಕು. ಬದುವಿನ ಸೌದೆಗೆ ತೆರಬೇಕಾಗಿಲ್ಲ. ಹೀಗಾಗಿ ಸೌದೆಯು ಬಿಟ್ಟಿಯೆಂದು ತೋರುತ್ತದೆ. ಅದರ ಬೆಲೆಯನ್ನು ತೆರುವುದು ತಾಯಿಯ ಕಣ್ಣು ಮತ್ತು ಉಸಿರು. ಅನಿಲದ ಒಲೆಯೇ ಮೇಲು. ಸೌದೆಯನ್ನು ಬಳಸಲೇಬೇಕಾದಲ್ಲಿ ಅದನ್ನು ಸಣ್ಣಗೆ ಸೀಳಿ ಚೆನ್ನಾಗಿ ಒಣಗಿಸಿ, ಕಿಟಕಿ ತೆರೆದು, ಕೂಸುಗಳನ್ನು ದೂರವಿರಿಸಿ ಉರಿಸಬೇಕು. ಇವು ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳು.