ಡಾಮರಿಗೂ ಕೆಸರಿಗೂ ಒಂದೇ ಬಂಡಿ

ಮಲೆನಾಡಿನಲ್ಲಿ ಸಂಚರಿಸಿದವರೆಲ್ಲರೂ ಬಲ್ಲ ಸಂಗತಿಯೊಂದಿದೆ. ಪೇಟೆಯಿಂದ ಹೊರಟ ಡಾಮರು ರಸ್ತೆಯು ಇಪ್ಪತ್ತು ಮೂವತ್ತು ಕಿಲೋಮೀಟರು ನುಣುಪಾಗಿ ಸಾಗಿ, ಕಡೆಯ ಎರಡು ಕಿಲೋಮೀಟರಿನಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣಿನ ದಾರಿಯಾಗಿ ಮಾರ್ಪಡುತ್ತದೆ. ಬೇಸಗೆಯಲ್ಲಿ ಅಲ್ಲಿ ಸಡಿಲವಾದ ಜಲ್ಲಿ, ಆಷಾಢದಲ್ಲಿ ಕೆಸರು. ಈ ಎರಡು ಬಗೆಯ ದಾರಿಗಳಲ್ಲಿಯೂ ನಡೆಯಬಲ್ಲ ಮೋಟಾರ್ ಸೈಕಲ್ಲನ್ನು ಉಭಯ ಬಳಕೆಯ ಬಂಡಿ ಎನ್ನಬಹುದು. 1968ರಲ್ಲಿ ಯಮಾಹಾ ಕಂಪೆನಿಯು ಅಮೆರಿಕದಲ್ಲಿ ಮಾರಾಟಕ್ಕೆ ತಂದ 246 ಘನ ಸೆಂಟಿಮೀಟರಿನ ಡಿ.ಟಿ.-1 ಈ ಬಗೆಯನ್ನು ಜನಪ್ರಿಯಗೊಳಿಸಿತು. ನಮ್ಮ ದೇಶದಲ್ಲಿ 2011ರಲ್ಲಿ ಹೀರೋ ಇಂಪಲ್ಸ್, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂದವು.

ಮಿತವಾದ ಹಣದಲ್ಲಿ ಇಂತಹ ಬಂಡಿಯನ್ನು ಕೊಳ್ಳಬೇಕೆನ್ನುವ ವಿದ್ಯಾರ್ಥಿಯು ಮೊದಲು ವಿಚಾರಿಸುವುದು ಇಂಜಿನಿನ ಶಕ್ತಿಯನ್ನು. ನಮ್ಮ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದುದು ಟಯರನ್ನು. ಇಂಜಿನಿನ ಎಳೆತವಾಗಲಿ ಬ್ರೇಕಿನ ತಡೆಯಾಗಲಿ ನೆಲವನ್ನು ಮುಟ್ಟುವುದು ಟಯರಿನ ಮೂಲಕವೇ ಅಲ್ಲವೆ? ಆ ಸಂಪರ್ಕದ ಜಾಗ ಎಷ್ಟಿರಬಹುದೆಂಬುದನ್ನು ಲೆಕ್ಕ ಹಾಕಿ ನೋಡೋಣ.

ಬಂಡಿಯ ತೂಕ 155 ಕಿಲೋಗ್ರಾಂ, ಸವಾರನ ತೂಕ 65 ಎಂದಿಟ್ಟುಕೊಳ್ಳೋಣ. ಒಟ್ಟು 220ರಲ್ಲಿ 120 ಕಿಲೋಗ್ರಾಂ ಹಿಂದಿನ ಚಕ್ರದ ಮೇಲೆ ಬೀಳಲಿ. ಟಯರಿನೊಳಗೆ ಚದರ ಅಂಗುಲಕ್ಕೆ 25 ಪೌಂಡು ಗಾಳಿಯಿದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು 1.76 ಕಿಲೋಗ್ರಾಂ ಒತ್ತಡವಾಗುವುದು. 120ನ್ನು 1.76ರಿಂದ ಭಾಗಿಸಿದರೆ 68 ಚದರ ಸೆಂಟಿಮೀಟರು. ಟಯರಿನ ಪಕ್ಕಗಳ ಬಿಗುವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲವಾದುದರಿಂದ ಇದು ಸ್ಥೂಲವಾದ ಸಂಖ್ಯೆ. ಆದರೂ ಅಂಗೈಗಿಂತ ಕಿರಿದಾದ ತಾಣದ ಮೇಲೆ ಸವಾರನ ಪ್ರಾಣ ನಿಂತಿದೆಯೆಂಬುದು ಇದರಿಂದ ತಿಳಿಯುವುದು.

ಈಗ ಟಯರಿನ ಮೈಯನ್ನು ನೋಡೋಣ. ಡಾಮರಿಗೆಂದು ಮಾಡಿದ ಟಯರಿನ ಮೈ ಬಹುಮಟ್ಟಿಗೆ ತುಂಬಿಕೊಂಡಿದ್ದು, ನೀರು ಹರಿದುಹೋಗಲು ಗೀರುಗಳನ್ನಷ್ಟೇ ಹೊಂದಿರುವುದು. ಕೆಸರಿಗೆಂದು ಮಾಡಿದುದರಲ್ಲಿ ಎತ್ತರವಾದ ರಬ್ಬರಿನ ಗುಬುಟುಗಳೂ ಅವುಗಳ ನಡುವೆ ಅಗಲವಾದ ತೆರಪುಗಳೂ ಇರುತ್ತವೆ. ಗ್ಯಾರೇಜುಗಳಲ್ಲಿ ಇದನ್ನು ಬಟನ್ ಟಯರು ಎನ್ನುವುದುಂಟು. ಡಾಮರಿನ ಮೇಲೆ ಈ ಟಯರಿನ ಗುಬುಟುಗಳ ತಲೆ ಮಾತ್ರ ನೆಲವನ್ನು ಮುಟ್ಟುವುದು. ತೆರಪು ಅರ್ಧದಷ್ಟಿದ್ದರೆ ಮೇಲಿನ 68ರಲ್ಲಿ ರಬ್ಬರು ಮುಟ್ಟುವುದು 34 ಚದರ ಸೆಂಟಿಮೀಟರನ್ನು ಮಾತ್ರ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಆಕ್ಷೇಪಿಸಬಹುದು: ಘರ್ಷಣೆಯು ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲವೆಂದು ನಾವು ಶಾಲೆಯಲ್ಲಿ ಕಲಿಯಲಿಲ್ಲವೆ? ಕಲಿತದ್ದು ನಿಜ. ಮರ, ಲೋಹ ಮೊದಲಾದ ಗಟ್ಟಿ ವಸ್ತುಗಳಿಗೆ ಆ ನಿಯಮವು ಚೆನ್ನಾಗಿಯೇ ಹೊಂದುತ್ತದೆ. ರಬ್ಬರು ಅದಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ. ಮೃದುವಾದ ರಬ್ಬರು ಡಾಮರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಅಂಟಿಕೊಳ್ಳುತ್ತದೆ. ಅದೇ ಭಾರವನ್ನು ಅರ್ಧ ಜಾಗದ ಮೇಲೆ ಹೊರಿಸಿದಾಗ, ಚದರ ಸೆಂಟಿಮೀಟರಿನ ಮೇಲಿನ ಒತ್ತಡವು ಇಮ್ಮಡಿಯಾದರೂ ಈ ಅಂಟು ಇಮ್ಮಡಿಯಾಗುವುದಿಲ್ಲ. ಆದುದರಿಂದ ಒಟ್ಟು ಹಿಡಿತವು ಕುಗ್ಗುತ್ತದೆ. ಇನ್ನೊಂದು ತೊಂದರೆಯನ್ನು ಓದುವ ಮೇಜಿನ ಮೇಲೆಯೇ ಕಾಣಬಹುದು. ಪೆನ್ಸಿಲಿನ ಗುರುತನ್ನು ಅಳಿಸುವ ರಬ್ಬರನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ಒತ್ತುತ್ತ ಪಕ್ಕಕ್ಕೆ ತಳ್ಳಿರಿ, ಅದು ಬಾಗುವುದು. ಮಲಗಿಸಿ ತಳ್ಳಿದರೆ ಬಾಗದು. ಎತ್ತರದ ಗುಬುಟುಗಳು ತಿರುವಿನಲ್ಲಿ ಹೀಗೆಯೇ ಬಾಗಿ, ಬಂಡಿಯು ಅತ್ತಿತ್ತ ನುಲಿದಂತಾಗುವುದು. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಇಂತಹ ಟಯರಿನ ಮೇಲೆ ಇಳಿಯುವವನು ವೇಗವನ್ನು ಬಹಳ ತಗ್ಗಿಸಬೇಕು.

ಕೆಸರಿನಲ್ಲಿ ಇದೆಲ್ಲವೂ ತಲೆಕೆಳಗಾಗುವುದು. ಅಲ್ಲಿ ಹಿಡಿತವನ್ನು ಕೊಡುವುದು ಅಂಟಲ್ಲ, ಮಣ್ಣಿನ ಬಲ. ಗುಬುಟುಗಳು ಮೇಲಿನ ಜಾರು ಪದರವನ್ನು ತೂರಿ ಕೆಳಗಿನ ಗಟ್ಟಿ ಮಣ್ಣಿನಲ್ಲಿ ನಾಟಿಕೊಳ್ಳುತ್ತವೆ. ಚಕ್ರವು ಜಾರಬೇಕಾದರೆ ಗುಬುಟುಗಳ ನಡುವೆ ಸಿಕ್ಕ ಮಣ್ಣನ್ನು ಕತ್ತರಿಸಿಕೊಂಡೇ ಜಾರಬೇಕು. ತೆರಪು ಅಗಲವಾಗಿರುವುದರಿಂದ ಅದರಲ್ಲಿ ತುಂಬಿದ ಕೆಸರು ಚಕ್ರ ತಿರುಗುವಾಗ ಸಿಡಿದುಹೋಗುವುದು. ಡಾಮರು ಟಯರಿನ ಕಿರಿದಾದ ಗೀರುಗಳಲ್ಲಾದರೋ ಕೆಸರು ಮೆತ್ತಿಕೊಂಡು, ಅದು ಕುಂಬಾರನ ಮಡಕೆಯಂತೆ ನುಣ್ಣಗಾಗಿಬಿಡುತ್ತದೆ.

ಎರಡೂ ಗುಣಗಳನ್ನು ಪೂರ್ತಿಯಾಗಿ ಪಡೆದ ಟಯರು ಇಲ್ಲ. ಮಾರುವವರು 80–20, 50–50 ಎಂದು ಹೇಳುವುದು ರಸ್ತೆಯ ಹಾಗೂ ಮಣ್ಣಿನ ಬಳಕೆಯ ಪಾಲನ್ನು. ಇದು ಅಳೆದು ಕೊಟ್ಟ ಪ್ರಮಾಣವಲ್ಲ, ಅಂದಾಜು. ಅದಕ್ಕಿಂತ ತನ್ನದೇ ಸಂಚಾರವನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದಿಟ್ಟು ನೋಡುವುದು ಲೇಸು. ಪ್ರತಿದಿನ ಕಾಲೇಜಿಗೆ ಡಾಮರಿನ ಮೇಲೆ ಹೋಗಿ, ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಊರಿಗೆ ಹೋಗುವವನಿಗೆ ಒತ್ತೊತ್ತಾದ ತಗ್ಗು ಗುಬುಟುಗಳ ಟಯರು ಸಾಕು. ಎತ್ತರದ ಗುಬುಟುಗಳನ್ನು ಹಾಕಿಸಿದರೆ ಡಾಮರು ಅವನ್ನು ಬೇಗನೆ ತಿಂದುಹಾಕುವುದು. ಹಣವೂ ಹೋಯಿತು, ಹಿಡಿತವೂ ಹೋಯಿತು.

ಗಾಳಿಯ ಒತ್ತಡವು ಖರ್ಚಿಲ್ಲದ ಉಪಾಯ. ಮೇಲಿನ ಲೆಕ್ಕದಲ್ಲಿಯೇ 25 ಪೌಂಡನ್ನು 18ಕ್ಕೆ ಇಳಿಸಿದರೆ ಸಂಪರ್ಕವು 68ರಿಂದ 95 ಚದರ ಸೆಂಟಿಮೀಟರಿಗೆ ಏರುವುದು. ಸಡಿಲ ಮಣ್ಣಿನಲ್ಲಿ ಚಕ್ರ ಹೂಳುವುದು ಕಡಿಮೆಯಾಗುತ್ತದೆ. ಆದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ತೂತಾಗಬಹುದು. ಇಳಿಸಿದ ಗಾಳಿಯಲ್ಲಿಯೇ ಡಾಮರಿನ ಮೇಲೆ ವೇಗವಾಗಿ ಓಡಿಸಿದರೆ ಟಯರಿನ ಪಕ್ಕಗಳು ಮಡಿಚಿ ಮಡಿಚಿ ಕಾಯುತ್ತವೆ. ಆದುದರಿಂದ ಗಾಳಿ ಇಳಿಸುವವನ ಚೀಲದಲ್ಲಿ ಪಂಪು ಇರಲೇಬೇಕು.

ಬಂಡಿಯ ವಿಚಾರಕ್ಕೆ ಬಂದರೆ, ತೂಕವು ಶಕ್ತಿಗಿಂತ ಮುಖ್ಯ. ನಾವು ಮೇಲೆ ಹೆಸರಿಸಿದ ಹಿಮಾಲಯನ್ ಹಾಗೂ ಎಕ್ಸ್‌ಪಲ್ಸ್ ಎರಡಕ್ಕೂ ನೆಲದಿಂದ 220 ಮಿಲಿಮೀಟರು ಎತ್ತರ, ಮುಂದೆ 21 ಅಂಗುಲದ ಚಕ್ರ. ದೊಡ್ಡ ಚಕ್ರವು ಗುಂಡಿಯೊಳಗೆ ಕಡಿಮೆ ಇಳಿಯುವುದು, ಕಲ್ಲನ್ನು ಸುಲಭವಾಗಿ ಹತ್ತುವುದು. ಆದರೆ ಮೊದಲಿನ ಹಿಮಾಲಯನ್ನಿನ ತೂಕ ಸುಮಾರು 190 ಕಿಲೋಗ್ರಾಂ, ಎಕ್ಸ್‌ಪಲ್ಸಿನದು ಸುಮಾರು 155. ಹೆದ್ದಾರಿಯಲ್ಲಿ ದೂರ ಹೋಗುವವನಿಗೆ 411 ಘನ ಸೆಂಟಿಮೀಟರಿನ ಹಿಮಾಲಯನ್ ಹಿತವಾದೀತು. ಕೆಸರಿನಲ್ಲಿ ಬಂಡಿ ಬಿದ್ದೇ ಬೀಳುವುದು. ಒಬ್ಬನೇ ಎತ್ತುವಾಗ ಆ 35 ಕಿಲೋಗ್ರಾಮಿನ ಅರ್ಥ ತಿಳಿಯುವುದು. ಕಾಲು ನೆಲಕ್ಕೆ ಎಟುಕುವುದೇ ಎಂಬುದನ್ನೂ ಅಂಗಡಿಯಲ್ಲಿಯೇ ಕುಳಿತು ನೋಡಬೇಕು.

ಬಳಸಿದ ಬಂಡಿಯನ್ನು ಕೊಳ್ಳುವವನು ಟಯರಿನ ಪಕ್ಕದ ಬರಹವನ್ನು ಓದಲು ಕಲಿಯಬೇಕು. 90/90–21 54 ಎಸ್ ಎಂದಿದ್ದರೆ, ಅಗಲ 90 ಮಿಲಿಮೀಟರು. ಪಕ್ಕದ ಎತ್ತರ ಅದರ ನೂರಕ್ಕೆ 90, ಎಂದರೆ 81. ರಿಮ್ಮು 21 ಅಂಗುಲ. 54 ಎಂಬುದು 212 ಕಿಲೋಗ್ರಾಮಿನ ಭಾರದ ಮಿತಿಯನ್ನು, ಎಸ್ ಎಂಬುದು ಗಂಟೆಗೆ 180 ಕಿಲೋಮೀಟರಿನ ವೇಗದ ಮಿತಿಯನ್ನು ಸೂಚಿಸುತ್ತವೆ. ತಯಾರಾದ ಕಾಲವನ್ನು ತಿಳಿಸುವ ನಾಲ್ಕು ಅಂಕಿಗಳೂ ಇರುತ್ತವೆ. 2319 ಎಂದಿದ್ದರೆ ಆ ಟಯರು 2019ರ 23ನೆಯ ವಾರದ್ದು. ಗುಬುಟುಗಳು ಸವೆಯದೆ ಇದ್ದರೂ ಅಷ್ಟು ಹಳೆಯ ರಬ್ಬರು ಗಡುಸಾಗಿರುತ್ತದೆ. ಹೊಸ ಜೋಡಿಯ ಬೆಲೆಯನ್ನು ಬಂಡಿಯ ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಬೇಕು.