ನರಕೋಶದ ರಚನೆ, ಕಾರ್ಯ ಹಾಗೂ ಹಾವಿನ ವಿಷದ ಪರಿಣಾಮ: ಸಾರ್ವಜನಿಕ ಮಾಹಿತಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳು ಕೃಷಿಪ್ರಧಾನವಾಗಿವೆ. ಕಬ್ಬಿನ ಗದ್ದೆಗಳಲ್ಲಿ ದುಡಿಯುವವರು, ರಾತ್ರಿ ವೇಳೆ ನೀರು ಹಾಯಿಸುವವರು ಮತ್ತು ನೆಲದ ಮೇಲೆ ಮಲಗುವವರು ಹಾವು ಕಡಿತದ ಅಪಾಯಕ್ಕೆ ಒಳಗಾಗುತ್ತಾರೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷವು ನರಗಳ ಕಾರ್ಯವನ್ನು ತಡೆಯುವುದರಿಂದ ಈ ಮಾಹಿತಿಯನ್ನು ಸಾರ್ವಜನಿಕರಿಗೆ ನೀಡಲಾಗಿದೆ.

1. ನರಕೋಶದ ರಚನೆ

ಅ) ಕೋಶಕಾಯ: ಕೋಶಕೇಂದ್ರವನ್ನು ಒಳಗೊಂಡಿದ್ದು, ಕೋಶಕ್ಕೆ ಅಗತ್ಯವಾದ ವಸ್ತುಗಳನ್ನು ತಯಾರಿಸುತ್ತದೆ.
ಆ) ಡೆಂಡ್ರೈಟ್‌ಗಳು: ಕೊಂಬೆಗಳಂತೆ ಕವಲೊಡೆದು ಇತರ ಕೋಶಗಳಿಂದ ಸಂಕೇತಗಳನ್ನು ಸ್ವೀಕರಿಸುತ್ತವೆ.
ಇ) ಆಕ್ಸಾನ್: ಸಂಕೇತವನ್ನು ಮುಂದಕ್ಕೆ ಒಯ್ಯುವ ತಂತು. ಬೆನ್ನುಹುರಿಯಿಂದ ಪಾದದವರೆಗಿನ ತಂತು ಸುಮಾರು 1 ಮೀಟರ್ ಉದ್ದವಿರುತ್ತದೆ. ಹಲವು ತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದ್ದು, ಅದು ಸಂಕೇತದ ವೇಗವನ್ನು ಹೆಚ್ಚಿಸುತ್ತದೆ.

2. ನರಕೋಶದ ಕಾರ್ಯ

ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳ ಚಲನೆಯಿಂದ ಉಂಟಾಗುವ ವಿದ್ಯುತ್ ಸಂಕೇತವು ತಂತುವಿನ ತುದಿಯವರೆಗೆ ಸಾಗುತ್ತದೆ. ನರದ ತುದಿ ಹಾಗೂ ಸ್ನಾಯುವಿನ ನಡುವೆ ಅತಿ ಸೂಕ್ಷ್ಮ ಅಂತರವಿದೆ. ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಆ ಅಂತರವನ್ನು ದಾಟಿ ಸ್ನಾಯುವಿನ ಗ್ರಾಹಕಗಳನ್ನು ಸೇರಿದಾಗ ಸ್ನಾಯು ಸಂಕುಚಿಸುತ್ತದೆ. ಉಸಿರಾಟದ ಸ್ನಾಯುಗಳೂ ಹೀಗೆಯೇ ಕಾರ್ಯನಿರ್ವಹಿಸುತ್ತವೆ.

3. ವಿಷದ ಪರಿಣಾಮ

ನಾಗರಹಾವಿನ ವಿಷವು ಸ್ನಾಯುವಿನ ಗ್ರಾಹಕಗಳನ್ನು ಮುಚ್ಚುತ್ತದೆ. ಕಟ್ಟುಹಾವಿನ ವಿಷವು ಮುಖ್ಯವಾಗಿ ನರದ ತುದಿಯನ್ನೇ ಹಾಳುಮಾಡುತ್ತದೆ. ಕಟ್ಟುಹಾವು ಕಚ್ಚಿದಾಗ ನೋವು, ಬಾವು ತೀರಾ ಕಡಿಮೆಯಿದ್ದು, ಕಡಿತದ ಗುರುತೂ ಕಾಣದಿರಬಹುದು. ಕೆಲವು ಗಂಟೆಗಳ ನಂತರ ಕಣ್ಣಿನ ರೆಪ್ಪೆ ಜೋಲುವುದು, ವಸ್ತುಗಳು ಎರಡಾಗಿ ಕಾಣುವುದು, ನುಂಗಲು ಹಾಗೂ ಮಾತನಾಡಲು ಕಷ್ಟವಾಗುವುದು ಕಂಡುಬಂದು, ಕೊನೆಗೆ ಉಸಿರಾಟವೇ ನಿಲ್ಲಬಹುದು.

ಪ್ರತಿವಿಷ ಚುಚ್ಚುಮದ್ದು ದೇಹದಲ್ಲಿ ಸಂಚರಿಸುತ್ತಿರುವ ವಿಷವನ್ನು ನಿಷ್ಕ್ರಿಯಗೊಳಿಸುತ್ತದೆ. ಆದರೆ ಈಗಾಗಲೇ ಹಾಳಾದ ನರದ ತುದಿಗಳನ್ನು ಸರಿಪಡಿಸುವುದಿಲ್ಲ. ಅವು ಮರಳಿ ಬೆಳೆಯಲು ಹಲವು ದಿನಗಳು ಬೇಕಾಗುವುದರಿಂದ ಅಲ್ಲಿಯವರೆಗೆ ರೋಗಿಗೆ ವೆಂಟಿಲೇಟರ್ ಅಗತ್ಯವಾಗಬಹುದು. ಆದ್ದರಿಂದ ನೋವಿಲ್ಲವೆಂದು ಬೆಳಗಿನವರೆಗೆ ಕಾಯುವುದು ಪ್ರಾಣಾಪಾಯಕರ.

4. ಸಾರ್ವಜನಿಕರ ಗಮನಕ್ಕೆ

* ಕೂಡಲೇ 108ಕ್ಕೆ ಕರೆ ಮಾಡಿ, ರೋಗಿಯನ್ನು ಸಮೀಪದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಪ್ರತಿವಿಷವನ್ನು ಉಚಿತವಾಗಿ ನೀಡಲಾಗುತ್ತದೆ.
* ಕಚ್ಚಿದ ಅಂಗವನ್ನು ಅಲುಗಾಡಿಸಬಾರದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ವಿಷ ಹೀರುವುದು ಕೂಡದು.
* ನಾಟಿ ಔಷಧ, ಮಂತ್ರ ಅಥವಾ ಹಾವನ್ನು ಹುಡುಕುವುದರಲ್ಲಿ ಸಮಯ ಕಳೆಯಬಾರದು.
* ರಾತ್ರಿ ಹೊಲಕ್ಕೆ ಹೋಗುವಾಗ ಬ್ಯಾಟರಿ ಹಾಗೂ ಬೂಟು, ಮಲಗುವಾಗ ಮಂಚ ಹಾಗೂ ಸೊಳ್ಳೆ ಪರದೆ ಬಳಸುವುದು.

ರಾಜ್ಯ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿದೆ. ಅದರಂತೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳು ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕಾಗಿದ್ದು, ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.